ಅಂಟಿಸಿದ ಮೀಸೆ

ಸಂಗ್ರಹಾಲಯದಲ್ಲಿ ಅವಳನ್ನು ಎಲ್ಲರೂ ಮೀಸೆಯಕ್ಕ ಎಂದೇ ಕರೆಯುತ್ತಿದ್ದರು. ಮೈಗಿಂತ ಮೀಸೆಯೇ ಉದ್ದವಿರುವ ಜೀರುಂಡೆಗಳ ಜಾತಿ ಗುರುತಿಸಿ ಹೆಸರಿಡುವುದು ಅವಳ ಕೆಲಸ. ಕೋಪವೋ, ಮೂಗಿನ ತುದಿಯಲ್ಲಿ. ಅದು ಅಪ್ಪನ ಬಳುವಳಿ. ಆ ಪುಣ್ಯಾತ್ಮ ಅಮ್ಮನನ್ನು ಹೊಡೆದು ಹೊಡೆದೇ ಕೊಂದಿದ್ದ. 'ಏಯ್' ಎನ್ನುವುದು ಬಿಟ್ಟರೆ ಒಂದು ದಿನವೂ ಅವಳನ್ನು ಹೆಸರು ಹಿಡಿದು ಕರೆದವನಲ್ಲ.

ಅದಕ್ಕೇ ಮೀಸೆಯಕ್ಕನಿಗೆ ಒಂದೇ ಹಟ: ಯಾರೂ ಕಾಣದ ಜೀರುಂಡೆಯೊಂದು ಸಿಗಬೇಕು, ಅದಕ್ಕೆ ಅಮ್ಮನ ಹೆಸರಿಡಬೇಕು. ಲೋಕದಲ್ಲಿ ಒಂದು ಹುಳುವಿನ ಮೇಲಾದರೂ ಆ ಹೆಸರು ಉಳಿಯಲಿ ಎಂದು.

ಕೊನೆಗೂ ಸಿಕ್ಕಿತು. ಒಣಗಿದ ಹುಳುಗಳನ್ನು ಹಬೆಯಲ್ಲಿ ಮೆದುಮಾಡಿ, ಕಾಲು ಬಿಡಿಸಿ, ಸೂಜಿ ಚುಚ್ಚಿ ನಿಲ್ಲಿಸುವವನು ಅವಳ ಸ್ವಂತ ತಮ್ಮ. ಅವನು ತಂದಿಟ್ಟ ಒಂದರ ಮೀಸೆ ಮೈಯ ಮೂರರಷ್ಟು ಉದ್ದ! ಅಂಥದ್ದು ಯಾವ ಪುಸ್ತಕದಲ್ಲೂ ಇರಲಿಲ್ಲ. ಅವಳು ಕುಣಿದಾಡಿಬಿಟ್ಟಳು. ವಿವರಣೆ ಬರೆದು ಮುಗಿಸಿ, ಅಚ್ಚಿಗೆ ಕಳಿಸುವ ಮುಂಚೆ ಕೊನೆಯ ಸಲ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಮೀಸೆಯ ಬುಡದಲ್ಲಿ ಒಣಗಿದ ಅಂಟಿನಂಥದ್ದೇನೋ ಮಿನುಗಿತು. ಬಿಸಿನೀರಿನ ಹನಿ ಬಿಟ್ಟಳು. ಎರಡೂ ಮೀಸೆ ಕಳಚಿ ಬಿದ್ದವು. ಉಳಿದದ್ದು ಮರದ ಅಡ್ಡೆಯಲ್ಲೆಲ್ಲ ಸಿಗುವ, ಎಂದೋ ಹೆಸರಿಟ್ಟು ಮುಗಿದಿದ್ದ ಜೀರುಂಡೆ.

ಮುರಿದದ್ದನ್ನು ಮುರಿದ ಹಾಗೇ ಇಡಬೇಕು, ಒಂದರ ಅಂಗ ಇನ್ನೊಂದಕ್ಕೆ ತಾಗಿಸಕೂಡದು. ಆ ಕೋಣೆಯಲ್ಲಿ ಇದಕ್ಕಿಂತ ದೊಡ್ಡ ಕಟ್ಟಳೆಯಿಲ್ಲ.

"ಹಬೇಲಿ ಎಲ್ಲದರ ಮೀಸೆನೂ ಉದುರಿಹೋಯ್ತಕ್ಕ," ಎಂದ ತಮ್ಮ. "ಇದರದ್ದೇ ಇರ್ಬೇಕು ಅಂತ ಅಂಟಿಸ್ದೆ. ನೀನು ಅಮ್ಮನ ಹೆಸರು ಅಂದ್ಮೇಲೆ ಹೇಳೋಕೆ ಬಾಯೇ ಬರ್ಲಿಲ್ಲ."

ಅವಳಿಗೆ ರಕ್ತ ನೆತ್ತಿಗೇರಿತು. "ಹಾಳಾದವ್ನೇ! ಅಮ್ಮನ್ನ ಇನ್ನೊಂದ್ಸಲ ಕೊಂದ್ಯಲ್ಲೋ!" ಕೆನ್ನೆಗೆ ಬಾರಿಸಿದಳು. ಕೂದಲು ಹಿಡಿದು ಮೇಜಿಗೆ ಹಣೆ ಅಪ್ಪಳಿಸಿದಳು. ಗಾಜಿನ ಮುಚ್ಚಳದ ಮರದ ಪೆಟ್ಟಿಗೆ ಎತ್ತಿ ಅವನ ಬೆನ್ನ ಮೇಲೆ ಬಿಟ್ಟಳು. ಗಾಜು ಚೂರುಚೂರಾಯಿತು, ಸೂಜಿಯ ಸಮೇತ ಹುಳುಗಳು ಚೆಲ್ಲಾಪಿಲ್ಲಿಯಾದವು. ಕಿವಿಯಿಂದ ರಕ್ತ ಇಳಿಯುತ್ತಿದ್ದರೂ ಅವನು ತಿರುಗಿ ಕೈ ಎತ್ತಲಿಲ್ಲ. ಬಿದ್ದವನ ಪಕ್ಕೆಗೆ ಒದ್ದಳು. ಮತ್ತೆ ಒದ್ದಳು.

"ಏಯ್, ಏಳು!"

ಕೂಗಿದ್ದು ಅವಳೇ. ದನಿ ಮಾತ್ರ ಅಪ್ಪನದು.

ತಮ್ಮ ಕಪಾಟಿನ ಮೂಲೆಗೆ ಸರಿದು, ಮಂಡಿ ಮಡಚಿ, ಎರಡೂ ಕೈ ತಲೆಯ ಮೇಲೆ ಅಡ್ಡ ಹಿಡಿದು ಕೂತಿದ್ದ. ಅಡುಗೆಮನೆಯ ಮೂಲೆಯಲ್ಲಿ ಅಮ್ಮ ಕೂರುತ್ತಿದ್ದದ್ದು ಹಾಗೆಯೇ. ಅಯ್ಯೋ, ಏನು ಮಾಡಿಬಿಟ್ಟೆ ಎಂದು ಮೀಸೆಯಕ್ಕನ ಜೀವ ಹೊಡೆದುಕೊಂಡಿತು.

"ಮಗಾ, ಇಲ್ಲ ಕಣೋ, ಹೊಡೆಯಲ್ಲ," ಎನ್ನುತ್ತಾ ಗಾಜಿನ ಚೂರುಗಳ ಮೇಲೆಯೇ ಮಂಡಿಯೂರಿ, ಅವನ ತಲೆ ಸವರಲು ಕೈ ಚಾಚಿದಳು.

ಅವನು ಇನ್ನಷ್ಟು ಮುದುಡಿಕೊಂಡ.