ನೀರು ಬಿದ್ದ ಪಲ್ಲೆ

ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ವಿಜಾಪುರದ ಕಾಯಿಪಲ್ಲೆಯವರು ನನ್ನನ್ನು ಬೆನ್ನ ಹಿಂದೆ ‘ಫಿನೈಲ್ ಸಾಹೇಬ’ ಎನ್ನುತ್ತಿದ್ದರು. ಮುನ್ಸಿಪಾಲಿಟಿಯಲ್ಲಿ ನಾನು ಸ್ಯಾನಿಟರಿ ಇನ್ಸ್‌ಪೆಕ್ಟರ್. ದಿನಾ ಬೆಳಿಗ್ಗೆ ಗಾಂಧಿ ಚೌಕದ ಬಜಾರದಲ್ಲಿ ಒಂದು ಸುತ್ತು. ಹಿಂದೆ ಫಿನೈಲಿನ ಡಬ್ಬಿ ಹಿಡಿದ ಜವಾನ. ಕೊಳೆತ ಹಣ್ಣು, ನೊಣ ಮುತ್ತಿದ ಕಲ್ಲಂಗಡಿ ಹೋಳು ಕಂಡರೆ ಚೆಲ್ಲಿಸಿ ಮೇಲೆ ಫಿನೈಲ್ ಸುರಿಸಬೇಕು. ಸುರಿಸದಿದ್ದರೆ ನಾವು ಓಣಿಯ ತಿರುವು ದಾಟುವುದರೊಳಗೆ ಅದೇ ಹಣ್ಣು ಮತ್ತೆ ಬುಟ್ಟಿಗೆ ಬರುತ್ತಿತ್ತು. ಬೈಗುಳವೂ ಸಂಬಳದಲ್ಲೇ ಸೇರಿದೆ ಅಂದುಕೊಂಡು ನಡೆಯುತ್ತಿದ್ದೆ.

ಒಂದು ವರ್ಷ ಬೇಸಿಗೆಯ ಕೊನೆಗೆ ಕಾಲರಾ ಬಂತು. ಎಲ್ಲರ ಕಣ್ಣು ಪಲ್ಲೆಯ ಮೇಲೆ ಬಿತ್ತು, ಬೀಳಬೇಕಾದದ್ದೇ. ಎಷ್ಟೋ ಮಂದಿ ಊರ ಪಾಯಖಾನೆಯ ಗೊಬ್ಬರ ಹಾಕಿದ ಮಡಿಯಿಂದ ಪಲ್ಲೆ ಕಿತ್ತು, ಬಾಡದಿರಲೆಂದು ದಾರಿಯ ಗಟಾರದಲ್ಲಿ ಅದ್ದಿ ತರುತ್ತಿದ್ದರು. ಮುನ್ಸಿಪಾಲಿಟಿ ಡಂಗುರ ಹೊಡೆಸಿತು. ತಪ್ಪಲುಪಲ್ಲೆ, ಅಂದರೆ ಸೊಪ್ಪು, ಯಾವುದೇ ಇರಲಿ, ಬಜಾರದ ನಳದ ನೀರಿನಲ್ಲಿ ತೊಳೆದೇ ಮಾರಬೇಕು. ಮಣ್ಣು ಕಂಡರೆ ಚೆಲ್ಲಲಾಗುವುದು. ಅದಕ್ಕೆಂದೇ ಹೊಸ ನಳವನ್ನೂ ಕೂಡಿಸಿದರು. ಒಳ್ಳೆಯ ಕಾನೂನು, ಈಗಲೂ ಹಾಗೆಯೇ ಹೇಳುತ್ತೇನೆ.

ಅದೇ ಬಜಾರದ ಗೋಡೆಯ ಪಕ್ಕ ಕುಳಿತು ನನ್ನ ದೊಡ್ಡವ್ವ, ಅಂದರೆ ನಮ್ಮವ್ವನ ಅಕ್ಕ, ಮೆಂತ್ಯಪಲ್ಲೆ ಮಾರುತ್ತಿದ್ದಳು. ತಿಕೋಟಾದ ಹತ್ತಿರ ಅವಳದೊಂದು ತುಂಡು ಹೊಲ. ಸಗಣಿ ಗೊಬ್ಬರ, ಬಾವಿ ನೀರು. ನಸುಕಿನಲ್ಲಿ ಕಿತ್ತು, ಬೇರಿನ ಮಣ್ಣು ಕೊಡವಿ, ಬುಟ್ಟಿಯನ್ನು ಬಸ್ಸಿನ ಟಪ್ಪಿನ ಮೇಲೆ ಹಾಕಿಸಿ ಬರುತ್ತಿದ್ದಳು. ದೊಡ್ಡಪ್ಪ ತೀರಿಕೊಂಡ ಮೇಲೆ ಯಾರ ಮುಂದೆಯೂ ಕೈಯೊಡ್ಡದೆ ಅವಳು ಬದುಕಿದ್ದು ಆ ಗೋಡೆಯ ಪಕ್ಕದ ಜಾಗದಿಂದ.

ಆದರೆ ಅವಳು ಪಲ್ಲೆಗೆ ನೀರು ತಾಗಿಸುತ್ತಿರಲಿಲ್ಲ. ನಮ್ಮದು ಊರ ಹೊರಗಿನ ಕೇರಿ. ಮನೆಯಲ್ಲಿ ಬುದ್ಧನ ಫೋಟೋ ಬಂದು ಕೆಲ ವರ್ಷವಾಗಿತ್ತು. ಊರಿಗೆ ಅದು ಗೊತ್ತಿರಲಿಲ್ಲವೋ, ಗೊತ್ತಿದ್ದೂ ಬೇಕಿರಲಿಲ್ಲವೋ. ನಮ್ಮ ಕೈಯಿಂದ ಕಾಳು, ಕಟ್ಟಿಗೆ, ನೀರು ತಾಗದ ಪಲ್ಲೆ ಯಾರು ಬೇಕಾದರೂ ಒಯ್ಯಬಹುದು, ಮೈಲಿಗೆಯಿಲ್ಲ. ನಮ್ಮ ಕೈಯಲ್ಲಿ ನೀರು ಬಿತ್ತೋ, ಮುಗಿಯಿತು. ಈ ಶಾಸ್ತ್ರ ಎಲ್ಲಿ ಬರೆದಿದೆಯೋ ಕಾಣೆ, ಆದರೆ ಹೆಂಗಸರಿಗೆಲ್ಲ ಬಾಯಿಪಾಠವಿತ್ತು.

ಡಂಗುರದ ಮರುದಿನ ಅವಳ ಮುಂದೆ ನಿಂತೆ.

“ತೊಳೀಬೇಕ ದೊಡ್ಡವ್ವ.”

“ನಾ ತೊಳದ್ರ ಯಾರ ತಗೋತಾರೋ ಯಪ್ಪಾ?”

“ಕಾಲರಾ ಐತಿ. ಕಾನೂನು ಎಲ್ಲಾರಿಗೂ ಒಂದ.”

“ಒಂದ ಅಂತ ನೀ ಅಂತಿ,” ಎಂದು ಬುಟ್ಟಿ ಎತ್ತಿಕೊಂಡು ನಳಕ್ಕೆ ಹೋದಳು. ಸಾಲಿನವರೆಲ್ಲ ನನ್ನನ್ನೇ ನೋಡುತ್ತಿದ್ದರು. ಅವಳೊಬ್ಬಳನ್ನು ಬಿಟ್ಟಿದ್ದರೆ ನಾಳೆಯಿಂದ ಯಾರೂ ತೊಳೆಯುತ್ತಿರಲಿಲ್ಲ.

ಸ್ವಲ್ಪ ಹೊತ್ತಿಗೆ ಅವಳ ಕಾಯಂ ಗಿರಾಕಿ ಬಂದಳು. ಚೌಕದ ಹಿಂದಿನ ಓಣಿಯ ಬಟ್ಟೆ ಅಂಗಡಿಯವರೊಬ್ಬರ ಹೆಂಡತಿ, ತವರುಮನೆ ತಿಕೋಟಾ. ನಮ್ಮ ಕೇರಿ ಯಾವುದೆಂದು ಅವಳಿಗೆ ಗೊತ್ತು, ಆದರೂ ವರ್ಷಗಟ್ಟಲೆ ಪಲ್ಲೆ ಕೊಂಡವಳು. ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

“ನೀರ ಹತ್ಯಾವಲ್ಲ ಬೇ. ಹತ್ತಲಾರದ್ದು ಇಲ್ಲೇನ?”

“ಇಲ್ರಿ ಅಕ್ಕಾರ. ಸಾಹೇಬ್ರ ಬಿಡೂದಿಲ್ಲ,” ಎಂದಳು ದೊಡ್ಡವ್ವ, ನನ್ನ ಕಡೆ ನೋಡದೆ.

ಆ ಹೆಂಗಸಿಗೆ ಸಿಟ್ಟೇನೂ ಇರಲಿಲ್ಲ. ಪಕ್ಕದ ಬುಟ್ಟಿಯವಳು ಯಾಕೆಂದು ಕೇಳಿದಳು, ಅವಳು ನಮ್ಮ ಕೇರಿ ಯಾವುದೆಂದು ಮೆಲ್ಲಗೆ ಹೇಳಿದಳು, ಅಷ್ಟೆ. ಮಧ್ಯಾಹ್ನದೊಳಗೆ ಸಾಲಿಗೆಲ್ಲ ಸುದ್ದಿ. ಅಕ್ಕಪಕ್ಕದ ಬುಟ್ಟಿಗಳು ಅತ್ತ ಒಂದಿಷ್ಟು, ಇತ್ತ ಒಂದಿಷ್ಟು ಸರಿದವು.

ಮಾರದ ಪಲ್ಲೆಯೆಲ್ಲ ನನ್ನ ಮನೆಗೆ ಬರತೊಡಗಿತು. ಇವತ್ತು ಮೆಂತ್ಯಪಲ್ಲೆಯ ಬ್ಯಾಳಿ, ನಾಳೆ ಮೆಂತ್ಯಪಲ್ಲೆಯ ಝುಣಕ. ವಿಜಾಪುರದಲ್ಲಿ ನಮ್ಮಷ್ಟು ಸ್ವಚ್ಛ ಪಲ್ಲೆ ತಿಂದವರು ಯಾರೂ ಇರಲಿಕ್ಕಿಲ್ಲ. ಮೇಲಿನ ಸಾಹೇಬರ ಹತ್ತಿರ ಹೋಗಿ ಹೇಳಿದೆ. “ನೀರು ಶುದ್ಧ ಐತಿಲ್ಲೋ? ಅಲ್ಲಿಗೆ ನಮ್ಮ ಕೆಲಸ ಮುಗೀತು,” ಎಂದರು. ಸುಳ್ಳಲ್ಲ. ಆ ದಿನಗಳಲ್ಲಿ ಮನೆಗೆ ಬಂದರೆ ನನಗೆ ಬೂಟು ಬಿಚ್ಚುವುದಕ್ಕೂ ಬೇಸರ. ಹೆಂಡತಿ ಊಟಕ್ಕೆ ಕರೆದರೆ ಅವಳ ಮೇಲೆ ರೇಗುತ್ತಿದ್ದೆ.

ಬಬಲೇಶ್ವರದ ಸಂತೆಗೆ ಹೋಗು, ಅಲ್ಲಿ ಡಂಗುರವೂ ಇಲ್ಲ ನನ್ನಂಥವನೂ ಇಲ್ಲ ಎಂದು ದೊಡ್ಡವ್ವನಿಗೆ ಹೇಳಿನೋಡಿದೆ. “ಅಲ್ಲಿ ನಮಗ ಕುಂದ್ರೂ ಜಾಗಾನ ಬ್ಯಾರೆ ಐತಿ,” ಎಂದಳು. “ಇಲ್ಲಿ ಇಷ್ಟ ದಿನಾ ಎಲ್ಲಾರ ಸಾಲಿನಾಗ ಕುಂತೇನಿ.”

ಕೊನೆಗೆ ಊರೊಳಗಿನ ಪಲ್ಲೆಯ ವ್ಯಾಪಾರಿಯೊಬ್ಬ ಅವಳ ಹೊಲಕ್ಕೇ ಹೋಗಿ ಮಡಿಯನ್ನು ಗುತ್ತಿಗೆ ಹಿಡಿದ. ಅವಳು ನೀರು ತಾಗಿಸದೆ ಕಿತ್ತುಕೊಡಬೇಕು, ತೊಳೆಯುವುದು, ಮಾರುವುದು ಅವನದು. ಅವಳು ಬಜಾರಕ್ಕೆ ಬರುವುದನ್ನು ಬಿಟ್ಟಳು.

ಒಂದು ಬೆಳಿಗ್ಗೆ ಅವನು ನನ್ನನ್ನು ನಿಲ್ಲಿಸಿ, “ನಿಮ್ಮ ದೊಡ್ಡವ್ವನ ಹೊಲದ್ದ್ರಿ ಸಾಹೇಬ್ರ, ನೋಡ್ರಿ ಎಷ್ಟ ಚಲೋ ತೊಳದೇವಿ,” ಎಂದ. ಅವನೇ ಎತ್ತಿ ಹಿಡಿದ ಸಿವುಡಿನ ಬೇರು ನೋಡಿದೆ. ಮಣ್ಣಿರಲಿಲ್ಲ. ನಾನು ನೋಡುತ್ತಿದ್ದಂತೆಯೇ ತಿಕೋಟಾದ ತವರಿನ ಆ ಹೆಂಗಸು ನೀರು ಸೋರುವ ಸಿವುಡುಗಳನ್ನು ಆರಿಸಿ ಚೀಲಕ್ಕೆ ಹಾಕಿಕೊಂಡಳು. ಯಾರ ಹೊಲದ್ದೆಂದು ಕೇಳಲಿಲ್ಲ. ತಪ್ಪು ಹಿಡಿಯುವಂಥದ್ದು ಏನೂ ಇರಲಿಲ್ಲ, ನಾನು ಮುಂದಿನ ಬುಟ್ಟಿಗೆ ಹೋದೆ.

ಆ ವಾರ ತಿಕೋಟಾಕ್ಕೆ ಹೋದಾಗ ದೊಡ್ಡವ್ವ ಮಡಿಯಲ್ಲಿ ಕೂತಿದ್ದಳು.

“ಅವ ತೊಳದ್ರ ತಗೋತಾರೇನು?”

“ತಗೋತಾರ.”

“ನೀರು ಅದ ನಳದ್ದೇನ?”

“ಅದ ನಳದ್ದ.”

ಅವಳು ಕೈಯ ಮಣ್ಣು ತಿಕ್ಕಿಕೊಂಡಳು.

“ನನ್ನ ಜಾಗಾದಾಗ ಈಗ ಯಾರ ಕುಂದರ್ತಾರ?”

“ಅವನ ಹೇಣ್ತಿ,” ಎಂದೆ.

“ಬಿಸಿಲ ಏರಿದ್ರ ಅಲ್ಲಿ ನೆರಳ ಬರ್ತೈತಿ, ಚಲೋ ಜಾಗಾ,” ಎಂದು ದೊಡ್ಡವ್ವ ಮತ್ತೆ ಮೆಂತ್ಯ ಕೀಳತೊಡಗಿದಳು.