ಮಳೆಗಾಲಕ್ಕೆ ಹಾಳೆತಟ್ಟೆ ಒಪ್ಪಿಕೊಂಡ ಕರಾರು

2025ರ ಜೂನ್ ತಿಂಗಳು. ಕಾಸರಗೋಡಿನಲ್ಲಿ ನಾನು ವಕೀಲಿ ವೃತ್ತಿಗೆ ಇಳಿದು ಮೂವತ್ತೊಂದು ವರ್ಷವಾಗಿತ್ತು. ಕರಾರಿನ ವಿಷಯದಲ್ಲಿ ಇನ್ನು ನನ್ನನ್ನು ಬೆರಗುಗೊಳಿಸುವಂಥದ್ದು ಏನೂ ಇಲ್ಲವೆಂಬ ಜಂಬವೂ ತುಸು ಇತ್ತು. ಅದನ್ನು ಇಳಿಸಿದವರು ಸೀತಾಂಗೋಳಿಯ ಸೆವ್ರಿನ್ ಬಾಯಿ.

ಹನ್ನೊಂದು ಹೆಂಗಸರನ್ನು ಕೆಲಸಕ್ಕಿಟ್ಟುಕೊಂಡು ಅವರು ಅಡಿಕೆ ಹಾಳೆಯ ತಟ್ಟೆ ಒತ್ತುವ ಘಟಕ ನಡೆಸುತ್ತಾರೆ. ಆರ್ಡರ್‌ಗಳಿಗೆ ಉತ್ತರಿಸಲು ಆ ವರ್ಷ ಒಂದು ಎಐ ಏಜೆಂಟ್ ಇಟ್ಟಿದ್ದರು. ಅಂದರೆ ತಾನೇ ಪತ್ರ ಓದಿ, ದರ ಮಾತಾಡಿ, ಒಪ್ಪಿಗೆ ಕಳಿಸುವ ಸಾಫ್ಟ್‌ವೇರ್. ಹುಬ್ಬಳ್ಳಿಯ ಒಂದು ಕೇಟರಿಂಗ್ ಕಂಪನಿಗೆ ಜುಲೈ ಕೊನೆಯೊಳಗೆ ನಲವತ್ತು ಸಾವಿರ ತಟ್ಟೆ ಕೊಡಲು ಅದು ಒಪ್ಪಿಬಿಟ್ಟಿತ್ತು. ತಪ್ಪಿದರೆ ನಷ್ಟ ತುಂಬಿಕೊಡಬೇಕೆಂಬ ಷರತ್ತಿಗೂ ಹೂಂ ಅಂದಿತ್ತು. ಸೆವ್ರಿನ್ ಬಾಯಿ ಆಗುವುದಿಲ್ಲವೆಂದು ಬರೆದಾಗ ಲಾಯರ್ ನೋಟೀಸ್ ಬಂತು. ಆ ನಷ್ಟ ಕಟ್ಟಬೇಕಾದರೆ ಘಟಕಕ್ಕೆ ಬೀಗವೇ ಗತಿ.

"ಎಂತ ವಕೀಲ್ರೇ, ಈ ಮಳೆಗೆ ಹಾಳೆ ಎಲ್ಲಿ ಉಂಟು? ಒಣಗುವ ಮೊದ್ಲೇ ಬೂಸ್ಟು ಬರ್ತದೆ. ಸಣ್ಣ ಮಕ್ಕಳಿಗೂ ಗೊತ್ತುಂಟು," ಎಂದರು ನೋಟೀಸ್ ಹಿಡಿದು ಬಂದ ಸೆವ್ರಿನ್ ಬಾಯಿ.

ಮಕ್ಕಳಿಗೆ ಗೊತ್ತಿತ್ತು, ಯಂತ್ರಕ್ಕೆ ಗೊತ್ತಿರಲಿಲ್ಲ. ಅವರು ಅದಕ್ಕೆ ಮೂರು ವರ್ಷದ ಪತ್ರವ್ಯವಹಾರ ಓದಲು ಕೊಟ್ಟಿದ್ದರು. ನಮ್ಮ ಕಡೆಯ ಗಿರಾಕಿಗಳು ಯಾರೂ ಮಳೆಗಾಲಕ್ಕೆ ತಟ್ಟೆ ಕೇಳುವವರಲ್ಲ. ಹಾಗಾಗಿ ಇಲ್ಲವೆಂದು ಬರೆಯುವ ಸಂದರ್ಭವೇ ಸೆವ್ರಿನ್ ಬಾಯಿಗೆ ಬಂದಿರಲಿಲ್ಲ, ಯಂತ್ರ ಅದನ್ನು ಓದಿರಲೂ ಇಲ್ಲ.

ಈ ಕರಾರಿನ ಪತ್ರಗಳನ್ನು ತೆರೆದು ಓದಿದೆ. ಹುಬ್ಬಳ್ಳಿಯ ಕಡೆಯಿಂದ ಬರೆದದ್ದೂ ಒಂದು ಏಜೆಂಟ್! ಎರಡು ಯಂತ್ರಗಳು ನಮಸ್ಕಾರ ಹೇಳಿಕೊಂಡು, ಚೌಕಾಸಿ ಮಾಡಿ, ಧನ್ಯವಾದವನ್ನೂ ಅರ್ಪಿಸಿ ನಾಲ್ಕೇ ನಿಮಿಷದಲ್ಲಿ ಕರಾರು ಮುಗಿಸಿದ್ದವು. ನಾನಾದರೆ ಮೊದಲ ಕರಡಿಗೇ ನಾಲ್ಕು ದಿನ ತೆಗೆದುಕೊಳ್ಳುತ್ತಿದ್ದೆ.

ಯಂತ್ರ ಕಾನೂನಿನ ಕಣ್ಣಿಗೆ ವ್ಯಕ್ತಿಯಲ್ಲ, ಅದು ಕರಾರು ಮಾಡಲಾರದು ಎಂದು ವಾದಿಸಲು ಹೊರಟೆ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 11ನೇ ಸೆಕ್ಷನ್ ಅಡ್ಡ ಬಂತು. ನಮ್ಮ ಪರವಾಗಿ ತಾನಾಗಿ ನಡೆಯಲೆಂದು ನಾವು ಇಟ್ಟ ವ್ಯವಸ್ಥೆ ಕಳಿಸಿದ ಸಂದೇಶ ನಮ್ಮದೇ ಎನ್ನುತ್ತದೆ ಅದು. ಇಂಥ ಏಜೆಂಟ್‌ಗಳನ್ನು ನಾವು ಕನಸಿನಲ್ಲೂ ಕಾಣದ ಕಾಲದಲ್ಲಿ ಬರೆದ ಸಾಲು! ಆದರೂ ನೋಟೀಸಿಗೆ ನಿರಾಕರಣೆಯ ಉತ್ತರ ಸಿದ್ಧಪಡಿಸಿದೆ. ಕೋರ್ಟಿನಲ್ಲಿ ಕೆಲವು ವರ್ಷ ಎಳೆಯಬಹುದಿತ್ತು.

ಸೆವ್ರಿನ್ ಬಾಯಿ ಅದನ್ನು ಓದಿ ಬದಿಗಿಟ್ಟರು. "ಕೆಲಸಕ್ಕೆ ಇಟ್ಟದ್ದು ನಾನು. ಅದು ಹೇಳಿದ್ದು ನನ್ನದಲ್ಲ ಅಂತ ಹೇಗೆ ಹೇಳುದು?"

ನಾನು ಬೇಡವೆನ್ನುತ್ತಿದ್ದಂತೆಯೇ ಹುಬ್ಬಳ್ಳಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದರು. "ಮಾತು ಕೊಟ್ಟದ್ದು ನಾನೇ. ಆದ್ರೆ ಹಾಳೆ ಇಲ್ಲ. ಗೋಡೌನಿನಲ್ಲಿ ಎಂಟು ಸಾವಿರ ತಟ್ಟೆ ಉಂಟು, ನಾಳೆಯೇ ಕಳಿಸ್ತೇನೆ. ಉಳಿದದ್ದು ಜನವರಿಗೆ ಕೊಡ್ತೇನೆ."

ಆ ಕಡೆಯ ಮಾಲೀಕರು, "ನಮ್ಮ ಕಡಿಂದ ಕೇಳಿದ್ದೂ ಮಷೀನೇ ಅಕ್ಕಾರ. ನೀವಾರ ಫೋನ್ ಮಾಡಿದ್ರಿ. ಆತು, ಜನವರಿಗೇ ಕಳಸ್ರಿ," ಎಂದರು. ವಾರದೊಳಗೆ ನೋಟೀಸನ್ನೂ ಹಿಂದೆಗೆದುಕೊಂಡರು.

ಯಂತ್ರ ಕರಾರಿಗೆ ಸಹಿ ಹಾಕಬಹುದೇ ಎಂದು ಕಿರಿಯ ವಕೀಲರು ಈಗ ಕೇಳುತ್ತಾರೆ. ಸೆಕ್ಷನ್ ಹೇಳುತ್ತೇನೆ, ಆಮೇಲೆ ಈ ಸಂಗತಿ ಹೇಳುತ್ತೇನೆ. ಒಪ್ಪಿಗೆ ಕಳಿಸಲು ಯಂತ್ರ ಸಾಕು. ಕೊಟ್ಟ ಮಾತನ್ನು ಹೊರಲು ಮನುಷ್ಯರೇ ಬೇಕು. ಅಂದು ಫೋನ್ ಇಟ್ಟವರೇ ಸೆವ್ರಿನ್ ಬಾಯಿ ಎಂಟು ಸಾವಿರ ತಟ್ಟೆ ಎಣಿಸಲು ಗೋಡೌನಿಗೆ ಹೊರಟಿದ್ದರು.