ಬಚ್ಚಣ್ಣನ ‘ಎಲ್ಲಿಗೆ?’

"ಅಮ್ಮಾ, ಬಚ್ಚಜ್ಜನಿಗೆ ತಾನ್ ಎಲ್ಲಿಗ್ ಹೋಪ್ದ್ ಅಂದೇಳಿ ಗೊತ್ತಿಲ್ಯಾ? ದಿನಾ ನನ್ ಹತ್ರ ‘ಕೇಣ್ ಮಗಾ, ಎಲ್ಲಿಗ್ ಅಂದೇಳಿ ಕೇಣ್’ ಅಂತ್ರ್."

ಬೆಳಿಗ್ಗೆ ಮಗಳು ಸುಗುಣಳ ತಲೆಗೆ ಎಣ್ಣೆ ಹಾಕುತ್ತಿದ್ದಾಗ ಕೇಳಿದಳು. ನಾಲ್ಕು ವರ್ಷದವಳಿಗೆ ಏನೆಂದು ಹೇಳುವುದು? ಇಲ್ಲಿ ಬರೆದಿಡುತ್ತೇನೆ, ದೊಡ್ಡವಳಾದ ಮೇಲೆ ಓದಲಿ.

ಬಚ್ಚಣ್ಣ ಗಂಗೊಳ್ಳಿಗೆ ಹೊಳೆ ದಾಟುವ ಕಡವಿನಲ್ಲಿ ದೋಣಿ ನಡೆಸುವವರು. ಹೊರಟವರನ್ನು ‘ಎಲ್ಲಿಗೆ’ ಎಂದು ಕೇಳಿದರೆ ಹೋದ ಕೆಲಸ ಕೆಡುತ್ತದೆಂಬ ನಂಬಿಕೆ ನಮ್ಮಲ್ಲಿ ಎಲ್ಲರಿಗೂ ಇದೆ. ಉಳಿದವರಾದರೆ ಮುಖ ಸಿಂಡರಿಸಿ ಮುಂದೆ ನಡೆದಾರು. ಬಚ್ಚಣ್ಣ ಮಾತ್ರ ಹುಟ್ಟು ಹೆಗಲಿಗೇರಿಸಿ ಮನೆಗೆ ವಾಪಸು! ಕಾಲು ತೊಳೆದು, ಚಾಪೆಯ ಮೇಲೆ ಸ್ವಲ್ಪ ಮಲಗಿ ಎದ್ದು, ಹೊಸದಾಗಿ ಹೊರಡಬೇಕು. ಅಷ್ಟು ಹೊತ್ತೂ ಕಡವಿನಲ್ಲಿ ಮದುವೆ ದಿಬ್ಬಣ, ಮೀನಿನ ಬುಟ್ಟಿ, ಯಾರದೋ ಆಡು ಎಲ್ಲವೂ ಬಿಸಿಲಿನಲ್ಲಿ ಒಣಗುತ್ತಿದ್ದವು.

ಕಾರಣ ಮಾತ್ರ ನಗುವಂಥದ್ದಲ್ಲ. ಅವರ ಅಣ್ಣ ಸೂರ, ಮೀನು ಹಿಡಿಯಲೆಂದು ಕಡಲಿಗೆ ಹೊರಟ ದಿನ ‘ಎಲ್ಲಿಗೆ’ ಎಂದು ಕೇಳಿದವರು ಬಚ್ಚಣ್ಣನೇ. ಆ ದೋಣಿ ಮರಳಲಿಲ್ಲ. ಅಣ್ಣನನ್ನು ಕೊಂದವನು ತಾನೇ ಎಂದುಕೊಂಡ ಇವರು ಮತ್ತೆ ಉಪ್ಪುಂದದ ಅತ್ತಿಗೆ ವನಜಕ್ಕನ ಹೊಸ್ತಿಲು ತುಳಿಯಲಿಲ್ಲ. ತಾನು ಕೇಳಿದ್ದನ್ನು ಅತ್ತಿಗೆಗೆ ಹೇಳಬೇಕು, ಹೇಳುವ ಧೈರ್ಯವಿಲ್ಲ.

ಯುದ್ಧ ಮುಗಿದ ವರ್ಷ ನಮ್ಮ ಸಭೆಗೆ ಹೊಸದಾಗಿ ಬಂದ ಪಾದ್ರಿಗಳು ಊರಿನ ರೀತಿ ತಿಳಿಯದೆ ‘ಎಲ್ಲಿಗೆ’ ಎಂದು ಕೇಳಿಯೇ ಬಿಟ್ಟರು. ಬಚ್ಚಣ್ಣ ಮನೆಗೆ ತಿರುಗಿದರೆ ಪಾದ್ರಿಗಳೂ ಕೊಡೆ ಹಿಡಿದು ಬೆನ್ನಿಗೇ ನಡೆದರು. ಚಾಪೆಯ ಪಕ್ಕ ಕೂತು ಎಲ್ಲ ಕೇಳಿ, "ಕಡಲು ನಿನ್ನ ಮಾತು ಕೇಳುವುದಾದರೆ, ಅಣ್ಣನನ್ನು ವಾಪಸು ತಾ ಎಂದಾಗಲೂ ಕೇಳಬೇಕಿತ್ತಲ್ಲ ಬಚ್ಚ? ಈ ಹೊರೆ ನಿನ್ನದಲ್ಲ. ಯೇಸುಸ್ವಾಮಿಯ ಹತ್ತಿರ ಇಳಿಸು" ಎಂದರಂತೆ. ಬಚ್ಚಣ್ಣ ಚಾಪೆ ನೆನೆಯುವಷ್ಟು ಅತ್ತರು. ಆಮೇಲೆ ಪ್ರಾರ್ಥನೆಗೆ ಬಿಡದೆ ಬಂದು, ಈ ಈಸ್ಟರಿಗೆ ದೀಕ್ಷಾಸ್ನಾನ ಪಡೆದರು.

ಅಲ್ಲಿಂದ ಹೊಸ ಕಷ್ಟ ಶುರು. ಹೆದರಿಕೆ ಹೋಗಿದೆ ಎಂದು ತೋರಿಸಬೇಕಲ್ಲ! ಈಗ ಯಾರಾದರೂ ಕೇಳದೆ ದೋಣಿ ಬಿಡುವುದಿಲ್ಲ.

"ಹ್ವಾಯ್, ಎಲ್ಲಿಗ್ ಅಂದೇಳಿ ಕೇಣಿ ಮಾರಾಯ್ರೆ!"

"ಗಂಗೊಳ್ಳಿಗಲ್ದೆ ಮತ್ತೆಲ್ಲಿಗೆ, ಲಂಕೆಗಾ? ದೋಣಿ ಬಿಡಿ, ಮೀನ್ ಹಾಳಾತ್ತ್!" ಎಂದು ಮೀನಿನ ಜಲಜಕ್ಕ.

"ಹಾಂಗಲ್ಲ. ಚಂದ ಮಾಡಿ ಕೇಣಿ."

"ಹಿಂದೆ ಒಂದ್ ಮರ್ಲ್, ಈಗ ಇನ್ನೊಂದ್ ಮರ್ಲ್!"

ಇಷ್ಟು ವರ್ಷ ಬಾಯಿ ಕಟ್ಟಿಕೊಂಡಿದ್ದ ಜನ ಎಲ್ಲಿ ಕೇಳುತ್ತಾರೆ? ಆಡು ಮೊದಲಿನ ಹಾಗೆಯೇ ಬಿಸಿಲಿನಲ್ಲಿ.

ಇವತ್ತು ಸಂಜೆ ಬಚ್ಚಣ್ಣ ಸೌತೆಕಾಯಿ ತಂದಾಗ ನಾನು ತಡೆಯಲಾರದೆ ಹೇಳಿಬಿಟ್ಟೆ. "ಬಚ್ಚಣ್ಣ, ಆಗ ಕೇಂಡ್ರೆ ಹೆದ್ರಿಕಿ, ಈಗ ಕೇಣ್ದಿದ್ರೆ ಹೆದ್ರಿಕಿ. ಬಿಡುಗಡೆ ಆದವ್ರಿಗೆ ಕಡವಿನಲ್ಲಿ ಎಂತ ಪರೀಕ್ಷೆ? ವನಜಕ್ಕನ ಮನಿಗ್ ಹೋಯ್ ಬನ್ನಿ."

ಅವರು ಜಗಲಿಯಲ್ಲಿ ಕೂತು ಸೌತೆಕಾಯಿಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ನಾಳೆ ಹೋತೆ ಅಮ್ಮ," ಎಂದರು ಕೊನೆಗೆ. "ಎಲ್ಲಾ ಹೇಳ್ತೆ. ಆರೆ ನೀವ್ ಒಂದ್ ಉಪ್ಕಾರ ಮಾಡ್ಕ್."

"ಎಂತ?"

"ಸುಗುಣನ್ನ ಕರ್ಕಂಡ್ ನೀವೂ ಬನ್ನಿ. ಅತ್ತ್ಗಿ ಬಾಗ್ಲ್ ತೆಗು ಹೊತ್ತಿಗೆ ಹೆಣ್ಣ್ ಮಗು ನನ್ ಸೊಂಟದ್ ಮೇಲ್ ಇರ್ಲಿ. ಮಗಿನ್ ಎತ್ಕಂಡವ್ನಿಗೆ ಅವ್ರ್ ಹೊಡುದಿಲ್ಲ."